ಆಕೆಯನ್ನು ಲಾಭ–ನಷ್ಟ ಕೇಳಿ

2014ರ ಜೂನ್. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಹಲವು ಕಾರುಗಳಲ್ಲಿ ಭಯಂಕರ ದೋಷವೊಂದು ಬಯಲಾಗಿತ್ತು. ಕಾರು ಓಡುತ್ತಿರುವಾಗಲೇ ಕೀ ತಾನಾಗಿ ಜಾರಿ ಎಂಜಿನ್ ನಿಂತುಹೋಗುತ್ತಿತ್ತು. ಎಂಜಿನ್ ನಿಂತರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಕಂಪನಿಯೊಳಗೆ ಕೆಲವರಿಗೆ ಇದು ಸುಮಾರು ಹತ್ತು ವರ್ಷದಿಂದ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಈ ದೋಷದಿಂದ ಸತ್ತವರು 124 ಜನ ಎಂದು ಮುಂದೆ ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡಿತು. ಆ ವರ್ಷದ ಜನವರಿಯಲ್ಲಷ್ಟೇ ಸಿಇಒ ಕುರ್ಚಿಯಲ್ಲಿ ಕೂತಿದ್ದ ಮೇರಿ ಬಾರಾ ಈ ಬಿರುಗಾಳಿಯ ನಡುವೆ ಎನ್‌ಬಿಸಿ ವಾಹಿನಿಯ ಬೆಳಗಿನ ಕಾರ್ಯಕ್ರಮಕ್ಕೆ ಬಂದರು. ಹದಿನೆಂಟನೇ ವಯಸ್ಸಿಗೆ ಅದೇ ಕಂಪನಿಗೆ ಸೇರಿ, ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ಮೇಲೇರಿದ ಎಂಜಿನಿಯರ್ ಆಕೆ.

ನಿರೂಪಕ ಮ್ಯಾಟ್ ಲಾಯರ್ ದೋಷದ ಬಗ್ಗೆಯೂ ಕೇಳಿದರು. ಜತೆಗೆ ಇನ್ನೆರಡು ಪ್ರಶ್ನೆ ಹಾಕಿದರು. ಸಂಕಟದ ಹೊತ್ತಿನಲ್ಲಿ ಹೆಂಗಸಿನ, ತಾಯಿಯ ಮೃದು ಮುಖ ಬೇಕೆಂದು ನಿಮ್ಮನ್ನು ಆರಿಸಿರಬಹುದೇ? ಒಳ್ಳೆಯ ತಾಯಿಯೂ ಆಗಿ, ಇಂಥ ಕಂಪನಿಯನ್ನೂ ನಡೆಸಲು ನಿಮ್ಮಿಂದ ಆದೀತೇ? ನೋಡಿದವರಲ್ಲಿ ಕೋಪ ಎದ್ದಿತು. ಮನೆ–ಕೆಲಸದ ಮಾತನ್ನು ಗಂಡಸು ಎತ್ತಿದ್ದರೆ ಅವನನ್ನೂ ಹೀಗೇ ಕೇಳುತ್ತಿದ್ದೆ ಎಂದು ಲಾಯರ್ ಸಮರ್ಥಿಸಿಕೊಂಡರು. ಬಾರಾ ಹತ್ತು ವರ್ಷ ದಾಟಿದ ಮೇಲೂ ಅದೇ ಕುರ್ಚಿಯಲ್ಲಿ ಉಳಿದರು.

ಸಾವುಗಳ ವಿಷಯ ಎದುರಿಗಿತ್ತು. ಒಂದು ದೋಷ ಹತ್ತು ವರ್ಷ ಹೇಗೆ ಮುಚ್ಚಿಹೋಯಿತು, ಯಾವ ಇಲಾಖೆಯ ಮೇಜಿನ ಮೇಲೆ ಕಡತ ಕೊಳೆಯಿತು, ಸಹಿ ಯಾರದು ಎಂದು ಕೇಳಬೇಕಾಗಿದ್ದ ಅಮೂಲ್ಯ ನಿಮಿಷಗಳು ತಾಯ್ತನದ ಪಾಲಾದವು. ನನ್ನ ತಕರಾರು ಇಲ್ಲಿಂದಲೇ ಶುರು. ಇಂಥ ಪ್ರಶ್ನೆಯಿಂದ ಅವಮಾನ ಆಗುವುದು ಹೆಣ್ಣಿಗೆ, ನಷ್ಟ ಆಗುವುದು ನಮಗೆಲ್ಲ. ಆ ಕಾರು ಓಡಿಸುವವರಿಗೆ, ಆ ಬ್ಯಾಂಕಿನಲ್ಲಿ ದುಡ್ಡಿಟ್ಟವರಿಗೆ, ಆ ಕಂಪನಿಯ ಔಷಧ ನುಂಗುವವರಿಗೆ ಸಿಗಬೇಕಾದ ಉತ್ತರ ಸಿಗದೇ ಹೋಗುತ್ತದೆ.

ನಮ್ಮಲ್ಲಿ ಈ ಚಾಳಿ ಹೆಚ್ಚಾಗಿ ಹೊಗಳಿಕೆಯ ರೂಪದಲ್ಲೇ ಬರುತ್ತದೆ. ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಯೋಕಾನ್ ಕಂಪನಿ ಕಟ್ಟಿದ ಕಿರಣ್ ಮಜುಂದಾರ್ ಷಾ ಅವರ ಕತೆ ತೆಗೆದುಕೊಳ್ಳಿ. ಬೆಂಗಳೂರಿನ ಓದುಗರಿಗೆ ಅದು ಬಾಯಿಪಾಠ. 1978, ಬಾಡಿಗೆ ಮನೆಯ ಗ್ಯಾರೇಜು, ಹತ್ತು ಸಾವಿರ ರೂಪಾಯಿ ಬಂಡವಾಳ, ಹುಡುಗಿ ಎಂದು ಸಾಲ ಕೊಡದ ಬ್ಯಾಂಕುಗಳು. ಸತ್ಯವಾದ ಕತೆ, ಹೇಳಬೇಕಾದ ಕತೆ. ಆದರೆ ನಮ್ಮ ಪುರವಣಿಗಳಲ್ಲಿ ಅದು ಬಹುಮಟ್ಟಿಗೆ ಗ್ಯಾರೇಜಿನಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಒಂದೇ ನೆಗೆತಕ್ಕೆ ಸಾವಿರಾರು ಕೋಟಿ, ದೇಶದ ಶ್ರೀಮಂತ ಮಹಿಳೆ, ಪದ್ಮಭೂಷಣ. ನಡುವಿನ ಉದ್ಯಮ ಎಲ್ಲಿ?

ಆ ನಡುವಿನ ಭಾಗವೇ ಸೊಗಸಾಗಿದೆ. ತಂದೆ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್. ಮಗಳು ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆಯನ್ನೇ ಓದಿ ಬಂದರು. ಇಲ್ಲಿನ ಬ್ರೂವರಿಗಳಲ್ಲಿ ಆ ಹುದ್ದೆಗೆ ಹೆಣ್ಣನ್ನು ತೆಗೆದುಕೊಳ್ಳುವವರಿರಲಿಲ್ಲ. ಐರ್ಲೆಂಡಿನ ಕಂಪನಿಯೊಂದರ ಜತೆ ಸೇರಿ ಬಯೋಕಾನ್ ಕಟ್ಟಿದರು. ಮೊದಲು ಮಾಡಿದ ಸರಕು ಎರಡು: ಪಪ್ಪಾಯ ಕಾಯಿಯ ಹಾಲಿನಿಂದ ತೆಗೆಯುವ ಪಪೈನ್ ಕಿಣ್ವ, ಮೀನಿನ ಗಾಳಿಚೀಲದಿಂದ ತೆಗೆದು ಬಿಯರ್ ತಿಳಿಯಾಗಿಸಲು ಬಳಸುವ ಐಸಿಂಗ್ಲಾಸ್. ಬಿಯರ್ ಹುದುಗಿಸುವ ವಿದ್ಯೆಯೇ ಕಿಣ್ವಕ್ಕೆ ದಾರಿಯಾಯಿತು, ಕಿಣ್ವದ ವಿದ್ಯೆ ಇನ್ಸುಲಿನ್‌ಗೆ. ಐರಿಷ್ ಪಾಲುದಾರ ಕಂಪನಿಯನ್ನು 1989ರಲ್ಲಿ ಯೂನಿಲಿವರ್ ಕೊಂಡುಕೊಂಡಾಗ ಈ ಪುಟ್ಟ ಸಂಸ್ಥೆ ದೈತ್ಯನ ಮಡಿಲಿಗೆ ಬಿತ್ತು. 1998ರಲ್ಲಿ ಹೊರಗಿನವರ ಪಾಲನ್ನು ದುಡ್ಡು ಹೊಂದಿಸಿ ಮರಳಿ ಕೊಂಡು ಕಂಪನಿಯನ್ನು ತನ್ನದಾಗಿಸಿಕೊಂಡದ್ದು ಕಿರಣ್ ಅವರ ವ್ಯವಹಾರ ಜೀವನದ ಬಹುದೊಡ್ಡ ತಿರುವು. ಆ ಒಂದು ನಿರ್ಧಾರ ಇಲ್ಲದಿದ್ದರೆ 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ನೂರು ಕೋಟಿ ಡಾಲರ್ ಮೌಲ್ಯ ದಾಟಿದ ಬಯೋಕಾನ್ ಇರುತ್ತಿರಲಿಲ್ಲ. ಗ್ಯಾರೇಜಿನ ಬಗ್ಗೆ ಹತ್ತು ಸಲ ಓದಿದವರಲ್ಲಿ ಎಷ್ಟು ಜನರಿಗೆ ಈ 1998 ಗೊತ್ತು?

ಮುಂದಿನದೂ ಇದೆ. 2019ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನಕ್ಕೆ ಹತ್ತು ಸೆಂಟ್‌ಗಿಂತ ಕಡಿಮೆಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು ಏಳು ರೂಪಾಯಿಗೆ, ಇನ್ಸುಲಿನ್ ಕೊಡುವುದಾಗಿ ಅವರ ಕಂಪನಿ ಘೋಷಿಸಿತು. ಮನೆಗೊಬ್ಬ ಸಕ್ಕರೆ ಕಾಯಿಲೆಯವರಿರುವ ನಾಡು ನಮ್ಮದು. ಆ ಬೆಲೆಗೆ ಹೇಗೆ ಕೊಡಲಾಗುತ್ತದೆ, ನಮ್ಮ ಔಷಧಿ ಅಂಗಡಿಯಲ್ಲಿ ಅದು ಯಾಕೆ ಆ ಬೆಲೆಗೆ ಸಿಗುವುದಿಲ್ಲ ಎಂದು ಕೇಳಿದ್ದರೆ ಓದುಗನಿಗೆ ಎಷ್ಟು ಉಪಕಾರವಾಗುತ್ತಿತ್ತು! 2022ರಲ್ಲಿ ಅಮೆರಿಕದ ವಿಯಾಟ್ರಿಸ್ ಕಂಪನಿಯ ಬಯೋಸಿಮಿಲರ್ (ಜೈವಿಕ ಔಷಧಗಳನ್ನು ಹೋಲುವ ಔಷಧ) ವ್ಯವಹಾರವನ್ನು ಸುಮಾರು 330 ಕೋಟಿ ಡಾಲರ್‌ಗೆ ಕೊಂಡಾಗ ಮೈಮೇಲೆ ದೊಡ್ಡ ಸಾಲ ಬಂತು. ಆ ಪಣ ಸರಿಯಿತ್ತೇ ಎಂಬುದು ಬೆಂಗಳೂರಿನ ಸಾವಿರಾರು ಉದ್ಯೋಗಿಗಳಿಗೂ ಸಣ್ಣ ಷೇರುದಾರರಿಗೂ ಸಂಬಂಧಿಸಿದ ಪ್ರಶ್ನೆ. ಸೀರೆ, ಚಿತ್ರಕಲೆಯ ಪ್ರೀತಿ, ನಗರದ ಗುಂಡಿ ಬಿದ್ದ ರಸ್ತೆಗಳ ಬಗ್ಗೆ ಅವರಾಡಿದ ಮಾತು ಇವೆಲ್ಲ ಬರಲಿ. ಆದರೆ ಕಟುವಾದ ವ್ಯವಹಾರದ ಪ್ರಶ್ನೆಯನ್ನು ಆಕೆಗೆ ಕೇಳದೆ ಬಿಡುವುದು ಗೌರವವಲ್ಲ. ಅಷ್ಟು ದೊಡ್ಡ ಕಂಪನಿ ಕಟ್ಟಿದವರು ಅಂಥ ಪ್ರಶ್ನೆಗೆ ಉತ್ತರ ಕೊಡಬಲ್ಲರು.

ಅರುಂಧತಿ ಭಟ್ಟಾಚಾರ್ಯ ಅವರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2013ರ ಅಕ್ಟೋಬರ್‌ನಲ್ಲಿ ಅವರು ಸ್ಟೇಟ್ ಬ್ಯಾಂಕಿನ ಅಧ್ಯಕ್ಷೆಯಾದರು. 1806ರಷ್ಟು ಹಿಂದಕ್ಕೆ ಬೇರಿರುವ ಆ ಬ್ಯಾಂಕಿನ ಚುಕ್ಕಾಣಿ ಹಿಡಿದ ಮೊದಲ ಹೆಣ್ಣು. ವಸೂಲಾಗದ ಸಾಲಗಳು ಹೆಡೆ ಎತ್ತುತ್ತಿದ್ದ ಹೊತ್ತು ಅದು. 2015ರಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳ ಸಾಲದ ಪುಸ್ತಕ ಬಿಚ್ಚಿಸಿ, ಮುಚ್ಚಿಟ್ಟದ್ದನ್ನೆಲ್ಲ ಲೆಕ್ಕಕ್ಕೆ ತರುವಂತೆ ಮಾಡಿತು. ಅವರ ಕಾಲದಲ್ಲೇ, 2017ರ ಏಪ್ರಿಲ್ 1ರಂದು, ನಮ್ಮ ಮೈಸೂರು ಬ್ಯಾಂಕ್ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1913ರಲ್ಲಿ ಹುಟ್ಟಿದ ಬ್ಯಾಂಕ್ ಅದು. ಅದೇ ಏಪ್ರಿಲ್ 1ರಿಂದಲೇ ಕನಿಷ್ಠ ಬ್ಯಾಲೆನ್ಸ್ ಇಲ್ಲದ ಖಾತೆಗಳಿಗೆ ಸ್ಟೇಟ್ ಬ್ಯಾಂಕ್ ದಂಡ ಹಾಕುವುದನ್ನು ಮತ್ತೆ ಶುರು ಮಾಡಿತು. ಆ ವರ್ಷದ ಏಪ್ರಿಲ್‌ನಿಂದ ನವೆಂಬರ್ ತನಕ ಹೀಗೆ ಬಂದ ದುಡ್ಡು 1,771 ಕೋಟಿ ರೂಪಾಯಿ. ದೊಡ್ಡ ಸಾಲಗಾರರು ಮುಳುಗಿಸಿದ ಬ್ಯಾಂಕಿಗೆ ಸಣ್ಣ ಖಾತೆದಾರರಿಂದ ಭರ್ತಿ ಎಂದು ಜನ ಕುದಿದರು.

ವಾಣಿಜ್ಯ ಪುಟಗಳಲ್ಲಿ ಈ ಟೀಕೆ ಬಂತು, ಬಂದದ್ದು ಒಳ್ಳೆಯದೇ. ಆದರೆ ಅದೇ ಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಅರುಂಧತಿ ಬೇರೆಯೇ ವ್ಯಕ್ತಿ. ಮಗಳ ಶಾಲೆಗಾಗಿ ಕೆಲಸ ಬಿಡಬೇಕೆಂದುಕೊಂಡ ತಾಯಿ, ಸಾಹಿತ್ಯ ಓದಿ ಬ್ಯಾಂಕಿಗೆ ಬಂದವರು, ಮನೆ–ಕಚೇರಿ ಎರಡನ್ನೂ ತೂಗಿಸಿದವರು. ಒಬ್ಬರನ್ನೇ ಎರಡು ಪುಟಗಳಲ್ಲಿ ಹರಿದು ಹಂಚಿದ ಹಾಗೆ. ಮಹಿಳಾ ಪುಟ ಓದುವ ಹೆಣ್ಣುಮಗಳಿಗೆ ಮಂಡ್ಯದ ತನ್ನ ಉಳಿತಾಯ ಖಾತೆಯಿಂದ ದುಡ್ಡು ಯಾಕೆ ಕಡಿತವಾಯಿತು ಎಂದು ತಿಳಿಯುವುದು ಬೇಡವೇ? ಮಕ್ಕಳ ಆರೈಕೆಗೆ, ಹಿರಿಯರ ಆರೈಕೆಗೆ ಮಹಿಳಾ ನೌಕರರು ಎರಡು ವರ್ಷ ರಜೆ ತೆಗೆದುಕೊಂಡು ಮರಳಬಹುದಾದ ವ್ಯವಸ್ಥೆ ಅವರ ಕಾಲದಲ್ಲಿ ಬಂದದ್ದು ವಾಣಿಜ್ಯ ಪುಟ ಓದುವ ಗಂಡಸಿಗೆ ಗೊತ್ತಾಗುವುದು ಬೇಡವೇ?

ಕಷ್ಟದ ಹೊತ್ತಿಗೆ ಹೆಣ್ಣನ್ನು ಕೂರಿಸಿ, ಆಮೇಲೆ ಕಷ್ಟವನ್ನೇ ಅವಳ ಹೆಸರಿಗೆ ಬರೆಯುವ ಚಾಳಿಯೂ ಹಳೆಯದು. 2003ರ ನವೆಂಬರ್‌ನಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆ ಒಂದು ವರದಿ ಮಾಡಿತು. ನಿರ್ದೇಶಕ ಮಂಡಳಿಯಲ್ಲಿ ಹೆಂಗಸರಿರುವ ಬ್ರಿಟನ್ ಕಂಪನಿಗಳ ಷೇರು ಉಳಿದವಕ್ಕಿಂತ ಕುಸಿದಿವೆ, ಹೆಂಗಸರ ಪ್ರವೇಶದಿಂದ ಕಂಪನಿಗಳಿಗೆ ಹಾನಿಯೇ ಆಗಿದೆ ಎಂಬುದು ಅದರ ವಾದ. ಎಕ್ಸಿಟರ್ ವಿಶ್ವವಿದ್ಯಾಲಯದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ ಅದನ್ನು ಓದಿ ಸುಮ್ಮನೆ ಕೂರಲಿಲ್ಲ. ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳನ್ನು ತೆಗೆದುಕೊಂಡು, ಹೊಸಬರು ಮಂಡಳಿಗೆ ಬರುವ ಮೊದಲು ಷೇರು ಹೇಗಿತ್ತು, ಬಂದ ಮೇಲೆ ಹೇಗಾಯಿತು ಎಂದು ತಿಂಗಳು ತಿಂಗಳಿನ ಲೆಕ್ಕ ಹಿಡಿದು ನೋಡಿದರು. ಕಂಡದ್ದು ತಿರುಗುಮುರುಗು. ಪೇಟೆ ಇಳಿಮುಖವಾಗಿದ್ದ ಕಾಲದಲ್ಲಿ ಹೆಣ್ಣನ್ನು ನೇಮಿಸಿಕೊಂಡ ಕಂಪನಿಗಳು ನೇಮಕಕ್ಕೆ ಮೊದಲಿನ ಐದು ತಿಂಗಳಿಂದಲೇ ಸೋಲುತ್ತಿದ್ದವು. ಸೋಲುತ್ತಿರುವ ಕಂಪನಿ ಹೆಣ್ಣನ್ನು ಕರೆಯುತ್ತಿತ್ತು. ಪತ್ರಿಕೆ ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಿಂದಲೇ ‘ಗ್ಲಾಸ್ ಕ್ಲಿಫ್’, ಅಂದರೆ ಗಾಜಿನ ಪ್ರಪಾತ, ಎಂಬ ಮಾತು ಹುಟ್ಟಿತು. ಜನರಲ್ ಮೋಟರ್ಸ್ ಕುರ್ಚಿಗೆ ಬಾರಾ ಬಂದ ಕೆಲವೇ ವಾರಗಳಲ್ಲಿ ಹತ್ತು ವರ್ಷದ ಹಳೆಯ ದೋಷ ಅವರ ತಲೆ ಮೇಲೆ ಬಿದ್ದದ್ದನ್ನು ಇದರ ಜತೆ ಇಟ್ಟು ನೋಡಿ.

ತಪ್ಪು ಲೆಕ್ಕದ ಒಂದು ವರದಿಯನ್ನು ತಿದ್ದಲು ಇಬ್ಬರು ವಿದ್ವಾಂಸರು ತಿಂಗಳುಗಟ್ಟಲೆ ದುಡಿಯಬೇಕಾಯಿತು. ಆ ವರದಿ ಓದಿದವರೆಲ್ಲ ತಿದ್ದುಪಡಿಯನ್ನೂ ಓದಿರಲಾರರು.

ಹೆಣ್ಣು ಬಿದ್ದಾಗ ಬರೆಯುವ ರೀತಿಯೂ ಬೇರೆ. ಐಸಿಐಸಿಐ ಬ್ಯಾಂಕನ್ನು ಒಂಬತ್ತು ವರ್ಷ ನಡೆಸಿದ ಚಂದಾ ಕೊಚ್ಚರ್ 2018ರ ಅಕ್ಟೋಬರ್‌ನಲ್ಲಿ ಹೊರನಡೆದರು. ಸಾಲ ಮಂಜೂರಾತಿಯಲ್ಲಿ ಸ್ವಂತ ಹಿತಾಸಕ್ತಿಯ ಆರೋಪ ಅವರ ಮೇಲಿತ್ತು. ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಆರೋಪವನ್ನು ಪತ್ರಿಕೆಗಳು ಬೆನ್ನಟ್ಟಿದ್ದು ಸರಿ, ಬೆನ್ನಟ್ಟಲೇಬೇಕು. ಆದರೆ ಅದರ ಬೆನ್ನಿಗೇ ಮಹಿಳಾ ಬ್ಯಾಂಕರ್‌ಗಳ ಯುಗ ಮುಗಿಯಿತೇ ಎಂಬ ಧಾಟಿಯ ಬರಹಗಳೂ ಬಂದವು. 2009ರ ಜನವರಿಯಲ್ಲಿ ಸತ್ಯಂ ಕಂಪನಿಯ ರಾಮಲಿಂಗ ರಾಜು ಸಾವಿರಾರು ಕೋಟಿಯ ಸುಳ್ಳು ಲೆಕ್ಕವನ್ನು ತಾವೇ ಪತ್ರ ಬರೆದು ಒಪ್ಪಿಕೊಂಡರು. 2016ರಲ್ಲಿ ವಿಜಯ್ ಮಲ್ಯ ಬ್ಯಾಂಕುಗಳ ಸಾಲ ಬಾಕಿ ಇಟ್ಟು ದೇಶ ಬಿಟ್ಟರು. ಗಂಡಸರ ಕೈಗೆ ಕಂಪನಿ ಕೊಡಬಹುದೇ ಎಂದು ಆಗ ಯಾರೂ ಸಂಪಾದಕೀಯ ಬರೆಯಲಿಲ್ಲ. ರಾಜು ಬಿದ್ದರು, ಮಲ್ಯ ಓಡಿದರು, ಅಷ್ಟೇ. ಹೆಣ್ಣೊಬ್ಬಳು ಎಡವಿದರೆ ಹಿಂದೆ ಸಾಲಿನಲ್ಲಿ ನಿಂತ ಹೆಣ್ಣುಮಕ್ಕಳೆಲ್ಲ ಉತ್ತರ ಕೊಡಬೇಕು ಎಂಬುದು ಅನ್ಯಾಯ.

ಮನೆಯ ವಿಷಯಕ್ಕೆ ಬರೋಣ. ಮನೆಯ ಪ್ರಶ್ನೆಯೇ ಬೇಡ ಎನ್ನುವವನು ನಾನಲ್ಲ. ಅದು ದೊಡ್ಡ ಪ್ರಶ್ನೆ. ಅದನ್ನು ಯಾರಿಗೆ, ಹೇಗೆ ಕೇಳುತ್ತೇವೆ ಎಂಬಲ್ಲಿ ಎಡವಟ್ಟಾಗಿದೆ.

ಇಂದ್ರಾ ನೂಯಿ ಅವರ ಹಾಲಿನ ಕತೆ ನೀವು ಕೇಳಿರುತ್ತೀರಿ. ಪೆಪ್ಸಿಕೋ ಅಧ್ಯಕ್ಷೆಯಾಗುವ ಸುದ್ದಿ ಹೊತ್ತು ರಾತ್ರಿ ಮನೆಗೆ ಬಂದರೆ, ಮೊದಲು ಹೋಗಿ ಹಾಲು ತಾ ಎಂದರಂತೆ ತಾಯಿ. ಕಿರೀಟ ಗ್ಯಾರೇಜಿನಲ್ಲಿ ಬಿಟ್ಟು ಬಾ ಎಂದರಂತೆ. ನೂಯಿಯವರೇ ಹೇಳಿದ್ದು. ನಮ್ಮಲ್ಲಿ ಅದು ವಾಟ್ಸ್‌ಆ್ಯಪ್ ಸುಭಾಷಿತವಾಗಿ, ಸೊಸೆಯರಿಗೆ ಬುದ್ಧಿಮಾತಾಗಿ ಹರಿದಾಡಿತು. ಅದೇ ನೂಯಿ 2021ರಲ್ಲಿ ಬರೆದ ಆತ್ಮಕತೆಯಲ್ಲಿ ಸಂಬಳ ಸಹಿತ ರಜೆ, ಮಕ್ಕಳ ಆರೈಕೆಯ ವ್ಯವಸ್ಥೆ, ಹೊಂದಿಕೊಳ್ಳುವ ಕೆಲಸದ ವೇಳೆ ಬೇಕೇ ಬೇಕು ಎಂದು ಒತ್ತಿ ವಾದಿಸಿದ್ದಾರೆ. ಹಾಲು ಹರಿದಷ್ಟು ದೂರ ಆ ವಾದ ಹರಿಯಲಿಲ್ಲ. 2006ರಿಂದ 2018ರವರೆಗೆ ಸಿಇಒ ಆಗಿ ಅವರು ಕಂಪನಿಯ ಆದಾಯವನ್ನು ಸುಮಾರು 3,500 ಕೋಟಿ ಡಾಲರ್‌ನಿಂದ 6,300 ಕೋಟಿ ದಾಟಿಸಿದರು, ತಿಂಡಿ ಮತ್ತು ಪಾನೀಯ ವ್ಯವಹಾರ ಬೇರೆ ಮಾಡಿ ಎಂದು ದೊಡ್ಡ ಹೂಡಿಕೆದಾರ ನೆಲ್ಸನ್ ಪೆಲ್ಟ್ಜ್ ಹಾಕಿದ ಒತ್ತಡಕ್ಕೆ ಮಣಿಯಲಿಲ್ಲ. ಇದು ಹಾಲಿಗಿಂತ ದೊಡ್ಡ ಕತೆ. ಸಕ್ಕರೆ ನೀರು ಮಾರುವ ಕಂಪನಿ ಆರೋಗ್ಯದ ಮಾತಾಡಬಹುದೇ ಎಂಬ ಪ್ರಶ್ನೆಯನ್ನೂ ಅದರ ಜತೆಗೇ ಕೇಳಬೇಕಿತ್ತು.

ಇನ್ನು ನಮ್ಮದೇ ಮನೆಯ ಮಾತು. 1981ರಲ್ಲಿ ಇನ್ಫೊಸಿಸ್ ಶುರುವಾದಾಗ ಸುಧಾ ಮೂರ್ತಿ ಕೊಟ್ಟ ಹತ್ತು ಸಾವಿರ ರೂಪಾಯಿಯ ಕತೆ ಗೊತ್ತಿಲ್ಲದ ಕನ್ನಡಿಗರಿಲ್ಲ. ಟಾಟಾ ಸಮೂಹದ ಟೆಲ್ಕೊ ಕಂಪನಿಯ ಪುಣೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಎಂಜಿನಿಯರ್ ಆಕೆ. ಹೆಣ್ಣುಮಕ್ಕಳು ಅರ್ಜಿ ಹಾಕಬೇಡಿ ಎಂಬ ಜಾಹೀರಾತು ಕಂಡು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದವರು. ಗಂಡ–ಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರಬಾರದು ಎಂದು ಪತಿ, ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿ ಬಯಸಿದ್ದರಿಂದ ಆಕೆ ಹೊರಗುಳಿದರು. ನಾವು ದಶಕಗಳ ಕಾಲ ಇದನ್ನು ತ್ಯಾಗ ಎಂದು ಬರೆದೆವು, ಸರಳತೆ ಎಂದು ಬರೆದೆವು, ಆದರ್ಶ ಗೃಹಿಣಿ ಎಂದು ಶಾಲೆಗಳಲ್ಲಿ ಭಾಷಣ ಮಾಡಿದೆವು. 2024ರ ಜನವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ ನಾರಾಯಣ ಮೂರ್ತಿಯವರೇ ಆ ತೀರ್ಮಾನ ತಪ್ಪಾಗಿತ್ತು, ಉಳಿದ ಸ್ಥಾಪಕರಿಗಿಂತ ಆಕೆ ಹೆಚ್ಚು ಅರ್ಹರಾಗಿದ್ದರು ಎಂಬ ಅರ್ಥದ ಮಾತಾಡಿದರು. ತಪ್ಪೆಂದು ಒಪ್ಪಿಕೊಳ್ಳುವ ದೊಡ್ಡತನ ಅವರಿಗಿತ್ತು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವ ಮನಸ್ಸು ನಮ್ಮ ಬರಹಗಾರರಿಗೆ ಬರಲಿಲ್ಲ ಎಂಬುದೇ ನನಗೆ ನೋವು.

ಮೂರ್ತಿಯವರು 2023ರಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಮುಖ್ಯಸ್ಥರು 90 ಗಂಟೆಯ ಮಾತೆತ್ತಿ, ಮನೆಯಲ್ಲಿ ಕೂತು ಎಷ್ಟು ಹೊತ್ತು ಹೆಂಡತಿಯ ಮುಖ ನೋಡುತ್ತೀರಿ ಎಂದರು. ವಾರಗಟ್ಟಲೆ ಚರ್ಚೆ ನಡೆಯಿತು. ಆ 70 ಅಥವಾ 90 ಗಂಟೆಯಲ್ಲಿ ನಿಮ್ಮ ಮನೆಯ ಅಡುಗೆ ಯಾರು ಮಾಡಿದರು, ಮಗುವನ್ನು ಯಾರು ಶಾಲೆಗೆ ಬಿಟ್ಟರು ಎಂದು ಈ ಮುಖ್ಯಸ್ಥರನ್ನು ಎದುರಿಗೆ ಕೂರಿಸಿ ಕೇಳಿದ ಸಂದರ್ಶನ ನನ್ನ ಕಣ್ಣಿಗೆ ಬಿದ್ದಿಲ್ಲ. ಮನೆಯ ಪ್ರಶ್ನೆಗೆ ಸರಿಯಾದ ವಿಳಾಸ ಅದು. 2017ರ ತಿದ್ದುಪಡಿ ಕಾಯ್ದೆ 26 ವಾರ ಹೆರಿಗೆ ರಜೆ ಕೊಟ್ಟಿತು, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ನಿಮ್ಮ ಕಂಪನಿಯಲ್ಲಿ ಆ ಕೇಂದ್ರ ಎಲ್ಲಿದೆ, ಎಷ್ಟು ಮಕ್ಕಳಿವೆ, ಹೆರಿಗೆ ರಜೆ ಮುಗಿಸಿ ಬಂದವರಲ್ಲಿ ವರ್ಷದ ನಂತರವೂ ಉಳಿದವರೆಷ್ಟು ಎಂದು ಗಂಡು–ಹೆಣ್ಣೆನ್ನದೆ ಪ್ರತಿಯೊಬ್ಬ ಸಿಇಒ ಅವರನ್ನೂ ಕೇಳಿ.

ಉಡುಗೆಯ ಬಗ್ಗೆ ಒಂದು ಮಾತು. ಉದ್ಯಮದವರಲ್ಲದಿದ್ದರೂ ದೇಶದ ಖಜಾನೆ ನಡೆಸುವವರು ನಿರ್ಮಲಾ ಸೀತಾರಾಮನ್. 2023ರ ಬಜೆಟ್ ದಿನ ಅವರು ಧಾರವಾಡದ ಕಡೆಯ, ನವಲಗುಂದದ ಕಸೂತಿಯ ಕೆಂಪು ಸೀರೆ ಉಟ್ಟರು. ನಮ್ಮ ವಾಹಿನಿಗಳಿಗೆ ಹಬ್ಬ. ಕಸೂತಿಗೆ ಬೆಲೆ ಬಂದರೆ ನನಗೂ ಸಂತೋಷ, ಆ ಹೆಣ್ಣುಮಕ್ಕಳ ಕೈಗೆ ದಿನಕ್ಕೆಷ್ಟು ಸಿಗುತ್ತದೆ ಎಂದು ಅದೇ ದಿನ ಹೇಳಿದ್ದರೆ ಇನ್ನೂ ಸಂತೋಷ. ಅದೇ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ರೂಪಾಯಿಯ ಮಾತಿತ್ತು. ಆ ಹಣ ಬರಲಿಲ್ಲ ಎಂದು ರಾಜ್ಯ ಸರ್ಕಾರ ಆಮೇಲೆ ಪದೇ ಪದೇ ದೂರಿತು. ಚಿತ್ರದುರ್ಗದ ರೈತನಿಗೆ ಸೀರೆಗಿಂತ ಆ ಸಾಲು ಮುಖ್ಯ.

ದೊಡ್ಡವರ ಮಾತಾಯಿತು, ಇನ್ನು ಸಣ್ಣ ಉದ್ಯಮದವರದು. ಆರನೇ ಆರ್ಥಿಕ ಗಣತಿಯ ಪ್ರಕಾರ ದೇಶದ ಉದ್ಯಮ ಘಟಕಗಳಲ್ಲಿ ಹೆಂಗಸರ ಒಡೆತನದವು ಶೇ 13.76, ಅಂದರೆ ಸುಮಾರು 80 ಲಕ್ಷ. ಕಲಬುರಗಿ, ವಿಜಯಪುರದ ಕಡೆ ಜೋಳದ ರೊಟ್ಟಿ ಕೇಂದ್ರ ನಡೆಸುವವರು, ಮಲೆನಾಡಿನಲ್ಲಿ ಹಪ್ಪಳ–ಉಪ್ಪಿನಕಾಯಿ ಕಟ್ಟಿ ಊರೂರಿಗೆ ಕಳಿಸುವವರು, ಗಾರ್ಮೆಂಟ್ಸ್ ಬಿಟ್ಟು ನಾಲ್ಕು ಹೊಲಿಗೆ ಯಂತ್ರ ಹಾಕಿಕೊಂಡವರು ಈ ಲೆಕ್ಕದಲ್ಲಿದ್ದಾರೆ. ಜಿಲ್ಲಾ ಪುಟಗಳಲ್ಲಿ ಇವರ ಚಿತ್ರ ಬರುತ್ತದೆ: ಒಲೆ ಮುಂದೆ ಕೂತು ನಗುತ್ತಿರುವ ಚಿತ್ರ, ಜತೆಗೆ ಸ್ವಾವಲಂಬಿ ಬದುಕು ಎಂಬ ಎರಡು ಪ್ಯಾರಾ. ಜೋಳದ ಕ್ವಿಂಟಲ್ ಬೆಲೆ ಏರಿದಾಗ ಏನು ಮಾಡಿದಿರಿ, ಸಾಲ ಯಾರ ಹೆಸರಲ್ಲಿದೆ, ಜಾಮೀನಿಗೆ ಗಂಡನ ಸಹಿ ಕೇಳಿದರೇ, ಪಟ್ಟಣದ ಅಂಗಡಿಯವನು ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾನೆ? ಇಷ್ಟು ಕೇಳಿದರೆ ಪಕ್ಕದೂರಿನ ಇನ್ನೊಬ್ಬ ಹೆಣ್ಣುಮಗಳಿಗೆ ಅದು ಪಾಠವಾಗುತ್ತದೆ. 1959ರಲ್ಲಿ ಮುಂಬೈಯಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಿಂದ ಶುರು ಮಾಡಿದ ಲಿಜ್ಜತ್ ಪಾಪಡ್‌ನ ಬಗ್ಗೆಯೂ 80 ರೂಪಾಯಿಯೇ ನೆನಪಿದೆ. ಅಲ್ಲಿ ಹಪ್ಪಳ ಲಟ್ಟಿಸುವ ಪ್ರತಿ ಹೆಣ್ಣೂ ಸಂಸ್ಥೆಯ ಒಡತಿ, ಲಾಭ–ನಷ್ಟ ಎರಡರಲ್ಲೂ ಪಾಲುದಾರಳು ಎಂಬ ವ್ಯವಸ್ಥೆ ಹೇಗೆ ಆರು ದಶಕ ಬಾಳಿತು ಎಂಬುದನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಬರೆಯಲಿ.

ಸುದ್ದಿಯಲ್ಲಿ ಕಾಣುವ, ಮಾತಾಡುವ ಜನರಲ್ಲಿ ಹೆಂಗಸರೆಷ್ಟು ಎಂದು ಐದು ವರ್ಷಕ್ಕೊಮ್ಮೆ ಜಗತ್ತಿನ ಹಲವು ದೇಶಗಳಲ್ಲಿ ಒಂದೇ ದಿನ ಲೆಕ್ಕ ಹಾಕುವ ಮಾಧ್ಯಮ ನಿಗಾ ಯೋಜನೆಯೊಂದಿದೆ. 1995ರಲ್ಲಿ ಆ ಪಾಲು ಶೇ 17, 2020ರಲ್ಲಿ ಶೇ 25. ಸುದ್ದಿಮನೆಗಿಂತ ಕಾನೂನು ಬೇಗ ನಡೆದಿದೆ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಹೆಣ್ಣಾದರೂ ಇರಬೇಕೆಂದಿತು. ಮಾಲೀಕರ ಮನೆಯ ಹೆಣ್ಣುಮಕ್ಕಳನ್ನೇ ಕೂರಿಸುವ ದಾರಿ ಹಲವರು ಹಿಡಿದಾಗ, ಷೇರುಪೇಟೆಯ ನಿಯಂತ್ರಕ ಸೆಬಿ 2019ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ ಸ್ವತಂತ್ರ ಮಹಿಳಾ ನಿರ್ದೇಶಕಿ ಕಡ್ಡಾಯ ಮಾಡಿತು. ಸುದ್ದಿಮನೆಗೆ ಅಂಥ ಕಾಯ್ದೆ ಬರುವುದಿಲ್ಲ, ಬರಲೂ ಬಾರದು. ಅಲ್ಲಿ ಸಂಪಾದಕರ ಮನಸ್ಸೇ ಕಾಯ್ದೆ.

ಹಾಗಾಗಿ ಸಂಪಾದಕರಲ್ಲಿ ನನ್ನ ಕೇಳಿಕೆ: ಮುಂದಿನ ಸಲ ಉದ್ಯಮಿ ಹೆಣ್ಣುಮಗಳ ಸಂದರ್ಶನಕ್ಕೆ ವಾಣಿಜ್ಯ ವರದಿಗಾರರನ್ನು ಕಳಿಸಿ, ಕಂಪನಿಯ ವಾರ್ಷಿಕ ವರದಿ ಓದಿಕೊಂಡು ಹೋಗಲು ಹೇಳಿ, ಬಂದದ್ದನ್ನು ವಾಣಿಜ್ಯ ಪುಟದಲ್ಲೇ ಹಾಕಿ. ಬಜೆಟ್ ದಿನ, ರೆಪೊ ದರ ಬದಲಾದ ದಿನ, ಷೇರುಪೇಟೆ ಬಿದ್ದ ದಿನ ಅವರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳಿ. 1983ರಿಂದ ಬೆಂಗಳೂರಿನಲ್ಲಿ ಅವೇಕ್ ಎಂಬ ಮಹಿಳಾ ಉದ್ಯಮಿಗಳ ಸಂಘವಿದೆ. ಮಾತಾಡುವವರು ಸಿಗಲಿಲ್ಲ ಎಂಬ ನೆಪ ಈ ಊರಿನಲ್ಲಿ ನಡೆಯದು. ಓದುಗರೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಇನ್ನೂ ಸುಲಭ. ಈ ವಾರ ಅಂಥ ಒಂದು ಸಂದರ್ಶನ ಓದಿ ಮುಗಿಸಿದಾಗ ಆ ಕಂಪನಿ ಏನು ಮಾಡುತ್ತದೆ, ದುಡ್ಡು ಹೇಗೆ ಗಳಿಸುತ್ತದೆ ಎಂಬುದು ನಿಮಗೆ ತಿಳಿಯದಿದ್ದರೆ, ಪತ್ರಿಕೆಯ ವಾಚಕರ ವಾಣಿಗೆ ನಾಲ್ಕು ಸಾಲು ಬರೆದು ಅದನ್ನೇ ಕೇಳಿ.